ಇಳಿಜಾರಿನ ಕೊನೆಗೊಂದು ಹೊಸ್ತಿಲು

ಕಟ್ಟಡ ಕಟ್ಟಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಪೀಣ್ಯದಲ್ಲೇ ಇಲ್ಲವೆಂದು ನಾನು ನಂಬಿದ್ದ ಕಾಲ ಅದು. ಎಂಬತ್ತರ ದಶಕದ ಶುರು. ಕಾರ್ಖಾನೆಗಳ ಹಿಂದೆ, ಬೆನ್ನುಮೂಳೆಗೆ ಪೆಟ್ಟಾದವರಿಗೆಂದು ಆಸ್ಪತ್ರೆಯೂ ಸಂಶೋಧನಾಲಯವೂ ಒಂದೇ ಸೂರಿನಡಿ ಏಳುತ್ತಿದ್ದವು. ಉಸ್ತುವಾರಿ ನನ್ನದು.

"ಎಲ್ಲೂ ಮೆಟ್ಟಿಲು ಬೇಡ. ಗಾಲಿಕುರ್ಚೀಲಿ ರೋಗಿ ತಾನೇ ಒಳಗೆ ಬರ್ಬೇಕು," ಎಂದಿದ್ದರು ಆಸ್ಪತ್ರೆ ಕಟ್ಟಿಸುತ್ತಿದ್ದ ಡಾಕ್ಟರಮ್ಮ.

ನನಗೂ ಅದೇ ಬೇಕಿತ್ತು. ಬಾವಿಕಟ್ಟೆಯಿಂದ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡ ನನ್ನ ಹೆಂಡತಿ ಸರೋಜ ತುರುವೇಕೆರೆಯಲ್ಲಿ ಅಣ್ಣನ ಮನೆಯಲ್ಲಿದ್ದಳು. ನಾನು ಸೈಟಿನ ಶೆಡ್ಡಿನಲ್ಲಿ ಒಬ್ಬನೇ ಬೇಯಿಸಿ, ಒಬ್ಬನೇ ಉಂಡು, ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಸಿಮೆಂಟ್ ಮೂಟೆಗಳಿಗೆ ಹೇಳುತ್ತಿದ್ದೆ. ಅವಳು ಇಲ್ಲಿಗೆ ಸೇರಿದರೆ ದಿನಾ ಮುಖವಾದರೂ ಕಾಣುತ್ತದೆ! ಅವಳ ಷರತ್ತು ಒಂದೇ: "ಎತ್ಕೊಂಡ್ ಹೋಗೋದಾದ್ರೆ ನಾನು ಬರಲ್ಲ."

ಇಳಿಜಾರು ಬೆಣ್ಣೆಯಂತೆ ಬಂತು. ಆದರೆ ಮುಂಬಾಗಿಲು ನೋಡುತ್ತೇನೆ, ಹೊಸ್ತಿಲೇ ಇಲ್ಲ!

"ಹೊಸ್ತಿಲಿಲ್ದಿರೋ ಬಾಗ್ಲಿಗೆ ಲಕ್ಷ್ಮಿ ಹೇಗಯ್ಯಾ ಬರ್ತಾಳೆ?" ಎಂದು ಬಡಗಿಯನ್ನು ಕೇಳಿದೆ.

"ಡಾಕ್ಟ್ರಮ್ಮೋರು ಏನೂ ಅಡ್ಡ ಇರ್ಬಾರ್ದು ಅಂದವ್ರೆ ಸಾರ್."

"ಲಕ್ಷ್ಮಿ ಅಡ್ಡಾನೇನೋ?"

ಆರಂಭೋತ್ಸವದ ಹಿಂದಿನ ದಿನ, ಡಾಕ್ಟರಮ್ಮ ಇನ್ನೂ ದೆಹಲಿಯಿಂದ ಬಂದಿರದಾಗ, ಹೊನ್ನೆಮರದ ದಪ್ಪ ಹೊಸ್ತಿಲು ಕೂರಿಸಿ, ಅರಿಶಿನ ಕುಂಕುಮ ಹಚ್ಚಿಸಿ, ಸಮಸ್ತರ ಪರವಾಗಿ ನನ್ನನ್ನು ನಾನೇ ಅಭಿನಂದಿಸಿಕೊಂಡೆ.

ಆರಂಭೋತ್ಸವದ ದಿನ ಸರೋಜ ಬಂದಳು. ತಾನೇ ಗಾಲಿ ತಿರುಗಿಸುತ್ತ ಇಳಿಜಾರು ಹತ್ತಿದಳು. ನನ್ನ ಕಣ್ಣು ತುಂಬಿತು. ಧಡ್! ಕುರ್ಚಿ ಹೊಸ್ತಿಲಿಗೆ ಬಡಿದು ನಿಂತಿತು. ಹಿಂದೆ ಸರಿದು ಮತ್ತೆ ನುಗ್ಗಿದಳು. ಧಡ್! ನಾನು ಗಂಡನೆಂಬ ಅಧಿಕಾರದಿಂದ ತಳ್ಳಿದೆ. ಮುಂದಿನ ಗಾಲಿ ಸೊಟ್ಟಗಾಯಿತು. ಆಳುಗಳನ್ನು ಕರೆದು ಕುರ್ಚಿ ಸಮೇತ ಎತ್ತಿಸಿದೆ; ತೋರಣ ಹರಿದು ಅವಳ ಕೊರಳಿಗೆ ಬಿತ್ತು.

"ಇಳಿಸ್ರೀ!"

ಇಳಿಸಿದೆವು, ಹೊರಗಡೆಯೇ.

"ಯಾರ್ರೀ ಇದನ್ನ ಇಡ್ಸಿದ್ದು?"

"ನಾನೇ ಕಣೆ. ಲಕ್ಷ್ಮಿ ಬರ್ಲಿ ಅಂತ..."

"ಮತ್ತೆ ನಾನು?"

ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡೆ. ಹೊಸ ಪಂಚೆ ಮೇಲೆ ಕಟ್ಟಿ, ಗಣ್ಯರ ಘನ ಸಮ್ಮುಖದಲ್ಲಿ ನಾನಿಟ್ಟ ಹೊಸ್ತಿಲನ್ನು ನಾನೇ ಕಿತ್ತೆ! ಗುಂಡಿಗೆ ಜಲ್ಲಿ ತುಂಬಿ, ತಗಡು ಹಾಸಿದೆ.

ಬೇರೆ ಕುರ್ಚಿ ಬಂತು. ಸರೋಜ ತಾನೇ ಒಳಗೆ ಹೋದಳು. ನಾನೂ ಹಿಂದೆ ಹೊರಟೆ. ನರ್ಸಮ್ಮ ಕೈ ಅಡ್ಡ ಹಿಡಿದರು: "ಹೆಂಗಸರ ವಾರ್ಡು ಸಾರ್. ನೀವು ಇಲ್ಲೇ ನಿಂತ್ಕೊಳ್ಳಿ."

ನಿಂತೆ. ಉದ್ದನೆಯ ಪಡಸಾಲೆಯಲ್ಲಿ ಸರೋಜ ನಗುನಗುತ್ತ ಸರ್ರನೆ ಹೋಗೇಬಿಟ್ಟಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಅಷ್ಟು ಜನರ ನಡುವೆ ನನಗೆ ಹಿಂದೆಂದೂ ಇಲ್ಲದಷ್ಟು ಒಂಟಿ ಎನಿಸಿತು. ದಾರಿಯಲ್ಲಿ ಎಲ್ಲಾದರೂ ಒಂದು ಸಣ್ಣ ಉಬ್ಬಾದರೂ ಇದ್ದಿದ್ದರೆ ನಿಂತು, "ರೀ" ಎನ್ನುತ್ತಿದ್ದಳೇನೋ. ನೆಲವನ್ನು ಅಷ್ಟು ನುಣುಪು ಮಾಡಿಸಿದ ಮಹಾನುಭಾವನೂ ನಾನೇ!