ಫಿಯಟ್ಟಿನ ಕ್ರಮಸಂಖ್ಯೆ

ಅನಾಹುತ ಬಂದದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ, ಎರಡು ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ: ‘ಹಳೆ ಗಾಡಿ ಹಿಡಿಯುವವರು ಇವತ್ತು ನಮ್ಮಲ್ಲಿಗೆ ಬರುತ್ತಾರೆ. ಕ್ರೇನ್ ಸಮೇತ.’

ಏಕನಾಥರು ಆಗ ಗ್ವಾಲಿಯರ್ ದಾಟಿ ಝಾನ್ಸಿಯ ಕಡೆ ಹೋಗುತ್ತಿದ್ದರು.

ಅಂದರೆ, ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ, ತಮ್ಮ ನೆಲಮಹಡಿಯ ಫ್ಲ್ಯಾಟಿನ ಮುಂದೆ, ಆರು ವರ್ಷದಿಂದ ಒಂದಿಂಚೂ ಅಲುಗದ ೧೯೭೪ರ ಫಿಯಟ್ಟಿನಲ್ಲಿ ಸ್ಟೀರಿಂಗ್ ಹಿಡಿದು ಕುಳಿತಿದ್ದರು. ಚಳಿಗಾಲದ ಬಿಸಿಲು ಗಾಜಿನ ಮೇಲೆ ಬಿದ್ದಾಗ ಕಣ್ಣು ಅರ್ಧ ಮುಚ್ಚಿದರೆ ಸಾಕು, ಎದುರಿನ ಕಾಂಪೌಂಡ್ ಗೋಡೆ ಮೆಲ್ಲಗೆ ಕರಗಿ ಹೆದ್ದಾರಿಯಾಗುತ್ತಿತ್ತು. ಎರಡೂ ಬದಿ ಸಾಸಿವೆಯ ಹಳದಿ ಹೊಲ, ಪಕ್ಕದ ಸೀಟಿನಲ್ಲಿ ವೈಜಯಂತಿ, ಕಿಟಕಿಯಿಂದ ಹಾರುವ ಅವಳ ಸೆರಗು. ಏಕನಾಥರು ಎಷ್ಟು ನಿಯಮಸ್ಥರೆಂದರೆ ಈ ಕನಸಿನಲ್ಲೂ ಟೋಲ್ ಗೇಟಿನಲ್ಲಿ ಸರದಿ ಮುರಿಯುತ್ತಿರಲಿಲ್ಲ.

‘ಯಾವ ಊರಲ್ಲಿದೀರಿ ರೀ?’ ನಿಜವಾದ ವೈಜಯಂತಿ ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

‘ಝಾನ್ಸಿ ಹತ್ರ.’

‘ಬರ್ತಾ ಕೊತ್ತಂಬರಿ ತನ್ನಿ. ತರಕಾರಿ ಭಯ್ಯಾ ಗೇಟಿನ ಹತ್ರ ನಿಂತಿದಾನೆ.’

ಹೌಜ್ ಖಾಸಿನ ಒಬ್ಬ ಮುದಿ ಡಾಕ್ಟರರ ಹಿತ್ತಲಿನಲ್ಲಿ ಬೇವಿನೆಲೆ ಹೊದ್ದು ಮಲಗಿದ್ದ ಕಾರದು. ಏಕನಾಥರು ತುಕ್ಕು ಕೆರೆದರು, ಕೆನೆಬಣ್ಣ ಬಳಿದರು, ಸೀಟು ಹೊಲಿದರು. ಬಂಪರಿಗೆ ಹುಣಸೆಹಣ್ಣು ತಿಕ್ಕಿದ ವಾರ ಮನೆಯಲ್ಲಿ ಸಾರಿರಲಿಲ್ಲ. ಮದುಮಗಳ ಹಾಗೆ ಹೊಳೆಯುತ್ತಿದ್ದ ಆ ಕಾರಿಗೆ ಒಂದೇ ಕೊರತೆ. ಅದು ಓಡುತ್ತಿರಲಿಲ್ಲ. ಪ್ರತಿ ಭಾನುವಾರ ಹನ್ನೊಂದಕ್ಕೆ ಕೀ ತಿರುಗಿಸಿದಾಗ ಇಂಜಿನ್ನು ನಾಲ್ಕು ಸಲ ನರಳಿ ‘ಢಂ’ ಎನ್ನುತ್ತಿತ್ತು. ಕಿಟಕಿಯ ಮೇಲಿನ ಸಜ್ಜೆಯ ಪಾರಿವಾಳಗಳೆಲ್ಲ ಹಾರಿಹೋಗುತ್ತಿದ್ದವು. ಸುತ್ತಲಿನವರು ಆ ಸದ್ದಿಗೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ಕನ್ನು ಕರೆಸಿ ಎಂದರೆ ಏಕನಾಥರಿಗೆ ಅವಮಾನ. ‘ಅವನು ಮಾಡಿದರೆ ರಿಪೇರಿ, ನಾನು ಮಾಡಿದರೆ ಹವ್ಯಾಸ’ ಎನ್ನುತ್ತಿದ್ದರು. ಇಂಜಿನ್ನಿನ ನಾಲ್ಕು ಪ್ಲಗ್ಗುಗಳಿಗೆ ಕಿಡಿ ಒಯ್ಯುವ ತಂತಿ ನಾಲ್ಕು. ಯಾವುದರ ನಂತರ ಯಾವ ಪ್ಲಗ್ಗಿಗೆ ಕಿಡಿ ಹೋಗಬೇಕೆಂದು ಹೇಳುವ ಕೈಪಿಡಿಯ ಪುಟವನ್ನು ಇಲಿ ತಿಂದಿತ್ತು. ಇಪ್ಪತ್ತೆಂಟು ವರ್ಷ ಕೇಂದ್ರ ಸಚಿವಾಲಯದಲ್ಲಿ ಕಳೆದ ಸೆಕ್ಷನ್ ಆಫೀಸರಿಗೆ ಅದೊಂದು ಸಮಸ್ಯೆಯೇ? ಮೂರನೆಯ ಫೈಲು ಎರಡನೆಯದಕ್ಕಿಂತ ಮುಂದೆ ಹೋದರೆ ಅವರಿಗೆ ಎದೆಯುರಿ ಬರುತ್ತಿತ್ತು. ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಜೋಡಿಸಿ, ಪ್ರತಿ ತಂತಿಗೂ ಚೀಟಿ ಕಟ್ಟಿ, ಕೆಂಪು ಶಾಯಿಯಲ್ಲಿ ಅಂಕಿ ಬರೆದು, ಕೆಳಗೆ ಚಿಕ್ಕ ಸಹಿ ಹಾಕಿದ್ದರು.

ವಾಟ್ಸಾಪ್ ಓದಿ ಮೊದಲು ಇಳಿದು ಬಂದವರು ಮೇಲಿನ ಮನೆಯ ಕೇಶವಮೂರ್ತಿ. ಆಡಿಟ್ ಇಲಾಖೆಯಲ್ಲಿ ನಿವೃತ್ತರು. ಯಾವ ಆದೇಶವನ್ನಾದರೂ ಅರ್ಧ ಓದಿ ಪೂರ್ತಿ ವಿವರಿಸಬಲ್ಲರು.

‘ಗಾಬರಿ ಬೇಡ ಏಕನಾಥ್. ಓಡೋ ಹಳೆ ಗಾಡಿ ಮಾತ್ರ ಎತ್ತಿಕೊಂಡು ಹೋಗ್ತಾರೆ. ಓಡದೇ ಇದ್ದರೆ ಅದು ಗಾಡಿಯೇ ಅಲ್ಲ, ಸಾಮಾನು. ನಿಮ್ಮದು ಹಂಡ್ರೆಡ್ ಪರ್ಸೆಂಟ್ ಸಾಮಾನು.’

‘ಅದೇನೋ ಸರಿ ಮೂರ್ತಿಯವರೇ,’ ಏಕನಾಥರು ಸ್ಟೀರಿಂಗ್ ಬಿಡದೆಯೇ ಹೇಳಿದರು. ‘ಆದರೆ ಇವತ್ತು ಓಡಿಬಿಟ್ಟರೆ?’

ಕೇಶವಮೂರ್ತಿ ನಗಲಿಲ್ಲ. ನಗು ತಡೆಯಲು ಅವರು ಪಟ್ಟ ಕಷ್ಟ ಮಾತ್ರ ಕೊರಳಿಗೆ ಸುತ್ತಿದ ಮಫ್ಲರಿನ ಮೇಲೆ ಕಾಣುತ್ತಿತ್ತು. ಏಕನಾಥರಿಗೋ ಪ್ರತಿ ಭಾನುವಾರವೂ ಇವತ್ತೇ ಆ ದಿನವೆಂಬ ಖಾತ್ರಿ. ಇಂದೂ ಹಾಗೇ ಅನಿಸಿತ್ತು. ಜೀವನದಲ್ಲಿ ಮೊದಲ ಸಲ ಅದು ಹೆದರಿಕೆಯಾಗಿ ಕಾಡಿತು.

ಮುಂದಿನ ಅರ್ಧ ಗಂಟೆಯಲ್ಲಿ ಕಾರನ್ನು ಸಾಮಾನಾಗಿಸುವ ಕೆಲಸಕ್ಕೆ ಇಡೀ ಬ್ಲಾಕು ಕೈ ಹಾಕಿತು. ವೈಜಯಂತಿ ಬಾನೆಟ್ಟಿನ ಮೇಲೆ ಹಪ್ಪಳ ಹರವಿದಳು. ಡಿಕ್ಕಿಯಲ್ಲಿ ಹೇಗೂ ಅವಳ ಈರುಳ್ಳಿಯಿತ್ತು. ಯಾರೋ ಹತ್ತಿಯ ರಜಾಯಿ ತಂದು ಹಿಂಬದಿಗೆ ಹೊದಿಸಿದರು. ಮತ್ತೊಬ್ಬರು ಸೈಡ್ ಮಿರರಿಗೆ ಒದ್ದೆ ಪೈಜಾಮ ನೇತುಹಾಕಿದರು. ಮಗಳು ಮಾನ್ಯಾ ಗೇಟಿನಿಂದ ಓಡಿ ಬಂದಳು.

‘ಪಪ್ಪಾ, ವೋ ಲೋಗ್ ಆ ಗಯೇ, ಬಂದೇಬಿಟ್ರು. ಬಿ ಬ್ಲಾಕ್‌ನಲ್ಲಿ ಒಂದು ಸ್ಕೂಟರ್ ಉಠಾ ಲಿಯಾ, ಕ್ರೇನಿಗೆ ಹಾಕಿದ್ರು.’

ಏಕನಾಥರು ಹಪ್ಪಳಗಳ ಸಮೇತ ಬಾನೆಟ್ ಎತ್ತಿದರು. ಹಪ್ಪಳಗಳು ಮುಂಗಾಜಿನವರೆಗೂ ಜಾರಿದವು. ಕಣ್ಣು ಮುಚ್ಚಿಕೊಂಡು, ಸ್ವಂತ ಸಹಿಯಿದ್ದ ಮೂರು ತಂತಿ ಕಿತ್ತರು. ಸಿಕ್ಕಿದ ತಂತಿಯನ್ನು ಸಿಕ್ಕಿದ ತೂತಿಗೆ ತುರುಕಿದರು. ಇಡೀ ಜೀವಮಾನದಲ್ಲಿ ಅವರು ಕ್ರಮ ತಪ್ಪಿ ಮಾಡಿದ ಕೆಲಸ ಅದೊಂದೇ. ಬಾನೆಟ್ ಮುಚ್ಚಿದರು.

ಇನ್ಸ್‌ಪೆಕ್ಟರ್ ಬಂದರು. ತೆಳ್ಳಗಿನ, ನಿದ್ದೆಗೆಟ್ಟ ಮನುಷ್ಯ. ಅವರ ಹಿಂದೆ ಕ್ರೇನ್. ಕೇಶವಮೂರ್ತಿ ಸಾಕ್ಷಿ ಹೇಳಲು ಎದೆಯುಬ್ಬಿಸಿ ನಿಂತರು.

‘ಸಾಬ್, ಇದು ಸತ್ತ ಗಾಡಿ. ಆರು ವರ್ಷದಿಂದ ನಾನೇ ನೋಡ್ತಿದೀನಿ. ಉಸಿರಿಲ್ಲ, ನಾಡಿಯಿಲ್ಲ.’

‘ಅಚ್ಛಾ, ಖಂಡಿತ ಸತ್ತಿದೆಯಾ?’

‘ಗ್ಯಾರಂಟಿ ಸಾಬ್.’ ಸುತ್ತ ನಿಂತ ಇಪ್ಪತ್ತು ತಲೆಗಳು ಒಟ್ಟಿಗೆ ಆಡಿದವು.

ಇನ್ಸ್‌ಪೆಕ್ಟರ್ ರಜಾಯಿ ಎತ್ತಿ ನಂಬರ್ ಪ್ಲೇಟ್ ನೋಡಿದರು, ಏಕನಾಥರು ನೀಟಾಗಿ ಫೈಲು ಮಾಡಿಟ್ಟ ಕಾಗದ ತಿರುವಿದರು. ‘ಎಪ್ಪತ್ನಾಲ್ಕರದ್ದು. ಛೆ, ಓಡುತ್ತಿದ್ದರೆ ಬಿಟ್ಟುಬಿಡ್ತಿದ್ದೆ. ಐವತ್ತು ವರ್ಷ ದಾಟಿ ಓಡೋದು ವಿಂಟೇಜ್, ಅದಕ್ಕೆ ಮರ್ಯಾದೆ ಇದೆ. ಓಡದೇ ಇರೋದು ಕಬಾಡ್, ಬರೀ ಗುಜರಿ.’ ಕ್ರೇನಿನವನ ಕಡೆ ತಿರುಗಿ, ‘ಚಲೋ, ಎತ್ತಪ್ಪಾ’ ಎಂದರು.

ಇಪ್ಪತ್ತು ತಲೆಗಳೂ ಅಲ್ಲಾಡುವುದನ್ನು ನಿಲ್ಲಿಸಿದವು.

‘ಸತ್ತಿದೆ ಅಂದರೆ,’ ಕೇಶವಮೂರ್ತಿ ಮಫ್ಲರ್ ಸಡಿಲಿಸಿದರು, ‘ಒಂಥರಾ ಗಾಢ ನಿದ್ರೆ ಸಾಬ್.’

‘ಹಾಗಾದರೆ ಎಬ್ಬಿಸಿ.’

ಇವತ್ತು ಓಡಲೇಬೇಕಿದ್ದ ಕಾರನ್ನು ಏಕನಾಥರು ತಾವೇ ಕೈಯಾರೆ ಕೊಂದಿದ್ದರು. ತಂತಿ ಸರಿಪಡಿಸಲು ಎರಡು ನಿಮಿಷ ಕೇಳಿದರು. ‘ಎಲ್ಲರೂ ಎರಡು ನಿಮಿಷ ಕೇಳ್ತಾರೆ’ ಎಂದು ಇನ್ಸ್‌ಪೆಕ್ಟರ್ ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. ಬೇರೆ ದಾರಿಯಿರಲಿಲ್ಲ. ಏಕನಾಥರು ಕುಳಿತು, ಝಾನ್ಸಿಗೆ ಮನಸ್ಸಿನಲ್ಲೇ ವಿದಾಯ ಹೇಳಿ, ಕೀ ತಿರುಗಿಸಿದರು.

ಢಂ ಎನ್ನಲಿಲ್ಲ. ಇಂಜಿನ್ನು ಒಮ್ಮೆ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಆಮೇಲೆ ಬಿಸಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

ಪಾರಿವಾಳಗಳು ಹಾರದೆ ಕತ್ತು ಕೊಂಕಿಸಿ ನೋಡಿದವು. ಏಕನಾಥರ ಕಾಲು ತಾನಾಗಿ ಕ್ಲಚ್ ಒತ್ತಿತು. ಫಿಯಟ್ಟು ರಜಾಯಿ ಕಳಚಿ, ಪೈಜಾಮ ಬೀಸುತ್ತ, ಪಾರ್ಕಿಗೊಂದು ಸುತ್ತು ಹೊರಟಿತು. ಡಿಕ್ಕಿಯಲ್ಲಿ ಈರುಳ್ಳಿ ಲಯವಾಗಿ ಉರುಳುತ್ತಿತ್ತು. ಕೊನೆಯ ಹಪ್ಪಳವೊಂದು ಗಾಳಿಗೆ ಎದ್ದು ಹಳದಿ ಚಿಟ್ಟೆಯಂತೆ ತೇಲಿಹೋಯಿತು. ಪಾರ್ಕಿನ ಸೇವಂತಿಗೆಗಳು ಸಾಸಿವೆಯ ಹೊಲವಾದವು. ಪಕ್ಕದಲ್ಲಿದ್ದದ್ದು ವೈಜಯಂತಿಯಲ್ಲ, ಇನ್ಸ್‌ಪೆಕ್ಟರ್ ಎಂಬುದನ್ನು ಏಕನಾಥರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು.

ಇಳಿಯುವಾಗ ಇನ್ಸ್‌ಪೆಕ್ಟರ್ ಬಾಗಿಲನ್ನು ಮೃದುವಾಗಿ ಮುಚ್ಚಿದರು. ‘ಚಾಲೂ ಸ್ಥಿತಿಯಲ್ಲಿದೆ ಅಂತ ಬರೆದಿದೀನಿ. ನಾಳೆ ಹತ್ತಕ್ಕೆ ನಮ್ಮ ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ. ಕ್ರೇನ್ ಜೊತೇಲೇ ಇರುತ್ತೆ. ಆಗ ಓಡದಿದ್ದರೆ ನಾನು ಸುಳ್ಳುಗಾರ ಆಗ್ತೀನಿ, ಗಾಡಿ ಕಬಾಡ್ ಆಗುತ್ತೆ. ಹೇಗಿದೆಯೋ ಹಾಗೇ ಇಡಿ.’

ಸಂಜೆಯವರೆಗೆ ಬ್ಲಾಕಿನಲ್ಲಿ ಹಬ್ಬ. ಕೇಶವಮೂರ್ತಿ ತಮ್ಮ ಸಲಹೆಯಿಂದಲೇ ಗಾಡಿ ಉಳಿಯಿತೆಂದು ಮೂರು ಮನೆಗಳಲ್ಲಿ ಚಹಾ ಕುಡಿದರು.

ಬಿಸಿಲು ಇಳಿಯುವ ಹೊತ್ತಿಗೆ ಏಕನಾಥರು ಒಬ್ಬರೇ ಬಾನೆಟ್ ತೆರೆದರು. ಒಳಗೆ ಕಂಡ ದೃಶ್ಯಕ್ಕೆ ಮೈ ಬಿಸಿಯಾಯಿತು. ಒಂದು, ಮೂರು, ನಾಲ್ಕು, ಎರಡು. ನಾಳೆ ಮೇಲಧಿಕಾರಿ ಬಂದು ಇದನ್ನು ಕಂಡರೆ, ಅದೂ ಕೆಳಗೆ ತಮ್ಮ ಸಹಿ ಸಮೇತ?

‘ಮತ್ತೆ ಅದಕ್ಕೆ ಕೈ ಹಾಕ್ತಿದೀರಾ?’ ಕಿಟಕಿಯಿಂದ ವೈಜಯಂತಿ. ‘ಅವರು ಹಾಗೇ ಇಡಿ ಅಂದಿದ್ರಲ್ಲ?’

‘ಇಷ್ಟು ಅಧ್ವಾನದಲ್ಲೂ ಇಷ್ಟು ಚೆನ್ನಾಗಿ ಓಡ್ತಲ್ಲೇ. ಸರಿಯಾದ ಕ್ರಮದಲ್ಲಿದ್ದರೆ ಇನ್ನು ಹೇಗೆ ಓಡಬಹುದು, ಯೋಚನೆ ಮಾಡು.’

‘ಒಂದ್ಸಲ ಸ್ಟಾರ್ಟ್ ಮಾಡಿಯಾದರೂ ನೋಡಿ.’

‘ಬೇಡ, ದಣಿದಿದೆ. ಮಲಗಲಿ.’

ಒಂದು, ಎರಡು, ಮೂರು, ನಾಲ್ಕು. ಪ್ರತಿ ತಂತಿಯನ್ನೂ ಅದರ ಜಾಗಕ್ಕೆ ಒತ್ತಿ ಕೂರಿಸಿ, ಚೀಟಿಗಳನ್ನು ಒಂದೇ ಎತ್ತರಕ್ಕೆ ನೇರಮಾಡಿ, ಏಕನಾಥರು ನಿಟ್ಟುಸಿರಿಟ್ಟರು. ಕಣ್ಣೆದುರು ಕಾಂಪೌಂಡ್ ಗೋಡೆ ಆಗಲೇ ಕರಗಲು ಶುರುವಾಗಿತ್ತು. ನಾಳೆ ಸಾಹೇಬರನ್ನು ಕೂರಿಸಿಕೊಂಡು ಎರಡು ಸುತ್ತು ಹಾಕಬೇಕು. ಆಮೇಲೆ ವೈಜಯಂತಿಯೊಡನೆ ನಿಜವಾದ ಝಾನ್ಸಿಗೆ.

ಅವರು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದರು. ಮೇಲಿನ ಸಜ್ಜೆಯ ಪಾರಿವಾಳಗಳು ಒಂದೊಂದಾಗಿ ಎದ್ದು, ಎದುರಿನ ಬ್ಲಾಕಿಗೆ ಹೋಗಿ ಕುಳಿತವು.