ಕಾಗದ ಬರೆದ ಕತ್ತೆ

ಕಂಪ್ಯೂಟರಿನಲ್ಲಿ ‘ಉಳಿಸು’ ಗುಂಡಿ ಕಾಣುತ್ತಿಲ್ಲವೆಂದು ಆಸ್ಪತ್ರೆಯಿಂದ ಬೆಳಿಗ್ಗೆ ಫೋನ್ ಬಂದದ್ದೇ ತಡ, ಸಿಡುಕಪ್ಪನ ತಲೆ ಕುಕ್ಕರಿನಂತೆ ಕೂಗಿತು. ಸಿಡುಕಪ್ಪ ಎನ್ನುವುದು ಆಫೀಸಿನವರು ಇಟ್ಟ ಹೆಸರು. ರೋಗಿಗಳ ದಾಖಲೆಯ ಸಾಫ್ಟ್‌ವೇರ್ ಬರೆದವನು ಅವನೇ. ಊರಿಗೆಲ್ಲ ಕಾಣುವ ಗುಂಡಿ ಆ ಆಸ್ಪತ್ರೆಯ ಮುದಿ ಬ್ರೌಸರಿನಲ್ಲಿ ಮಾತ್ರ ಮಾಯ. ಅದರ ಚಾಕರಿಯಲ್ಲೇ ಅವನ ಭಾನುವಾರಗಳೆಲ್ಲ ಸವೆಯುತ್ತಿದ್ದವು. ಈಜು ಕಲಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟು ಏಳು ತಿಂಗಳಾಗಿತ್ತು. ಆಗ ಕೊಂಡ ಈಜುಡುಗೆ ಈಗ ಅವಳಿಗೆ ಬಿಗಿ.

“ಇವತ್ತು ಅದಕ್ಕೊಂದು ಗತಿ ಕಾಣಿಸ್ಲೇಬೇಕು ಸಾರ್!” ಎಂದು ಮ್ಯಾನೇಜರರ ಮೇಜು ಗುದ್ದಿದ.

“ಮೇಜೇನಪ್ಪಾ ಮಾಡ್ತು ನಿಂಗೆ? ಆಸ್ಪತ್ರೆಯವ್ರು ಹೊಸ ಬ್ರೌಸರಿಗೆ ಒಪ್ಪಿದ್ರೆ ಹಳೇದನ್ನ ಇವತ್ತೇ ಕೈಬಿಡೋಣ. ಒಪ್ಪಿಗೆ ಬರೆಸ್ಕೊಂಡು ಬಾ.”

“ಆಸ್ಪತ್ರೆಗೆ ಹೆಂಗೂ ಹೋಗ್ತಿದೀಯ, ಸಿಟ್ಟಿಗೊಂದು ಮಾತ್ರೆ ತಗೊಂಡ್ಬಾ,” ಎಂದು ಪಕ್ಕದ ಕುರ್ಚಿಯವಳು ಕಿಸಕ್ಕೆಂದಳು.

ದಾರಿಯಲ್ಲಿ ಬಸ್ಸು ಕೆಟ್ಟಿತು. ಆಸ್ಪತ್ರೆಯ ಲಿಫ್ಟೂ ಕೆಟ್ಟಿತ್ತು. ಆರು ಮಹಡಿ ಹತ್ತಿ ದಾಖಲೆ ವಿಭಾಗ ಮುಟ್ಟಿದಾಗ ಅವನಲ್ಲಿ ಉಸಿರಿಗಿಂತ ಸಿಟ್ಟೇ ಹೆಚ್ಚು ಉಳಿದಿತ್ತು.

“ಹೊಸ ಬ್ರೌಸರ್ ಹಾಕ್ಕೊಳೋಕೆ ನಿಮಗೇನಮ್ಮಾ ಕಷ್ಟ?”

ಗುಮಾಸ್ತೆ ಕಡತದಿಂದ ತಲೆಯೆತ್ತಲಿಲ್ಲ. “ನಮಗೇನಪ್ಪಾ ಕಷ್ಟ? ಬೇಡ ಅಂತ ನಿಮ್ಮ ಕಂಪನಿಯವ್ರೇ ಕಾಗದ ಕೊಟ್ಟಿದಾರೆ.”

ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ ಹಳದಿಗಟ್ಟಿದ ಹಾಳೆಯೊಂದು ಅಂಟಿತ್ತು: ‘ಈ ಬ್ರೌಸರನ್ನು ಯಾರೂ ಮುಟ್ಟಕೂಡದು.’

“ಯಾವ ಕತ್ತೆ ಬರೆದಿದ್ದು ಇದನ್ನ? ಅವನ ಕೈ ಸೇದಿ ಹೋಗ!”

“ಕೆಳಗೆ ಸಹಿ ಇದೆ, ನೋಡಿ.”

ಬಗ್ಗಿ ನೋಡಿದ. ಒಂಬತ್ತು ವರ್ಷ ಹಿಂದಿನ ತಾರೀಖು. ನಿನ್ನೆ ಮಗಳ ಅಂಕಪಟ್ಟಿಗೆ ಹಾಕಿದ್ದ ಅದೇ ಸಹಿ. ಸಿಡುಕಪ್ಪ ಬಹಳ ಹೊತ್ತು ಕೆಮ್ಮಿದ.

“ನೀರು ಬೇಕಾ?” ಎಂದಳು ಆಕೆ.

ನೀರು ಕುಡಿದು, ‘ಬದಲಿಸಬಹುದು’ ಎಂದು ಹೊಸ ಕಾಗದ ಬರೆದು ಸಹಿ ಹಾಕಿದ. ಆಕೆಯೂ ಒಪ್ಪಿಗೆ ಬರೆದು ಮೊಹರು ಒತ್ತಿದಳು. ಫೋನಿನಲ್ಲಿ ಮ್ಯಾನೇಜರು, “ಹಾಗಾದ್ರೆ ಹಳೇದರ ಕತೆ ಮುಗೀತು ಬಿಡು,” ಎಂದರು. ಇಷ್ಟಕ್ಕೆ ಒಂಬತ್ತು ವರ್ಷ ಬೇಕಾಯಿತೇ! ಸಿಡುಕಪ್ಪ ನಗುತ್ತಾ ಬಾಗಿಲಿಗೆ ನಡೆದ.

“ಯಾವತ್ತಿಂದ ಬರ್ತೀರಿ?” ಎಂದಳು ಗುಮಾಸ್ತೆ.

“ಎಲ್ಲಿಗೆ?”

“ಗೋಡೆಯ ಹಾಳೇಲಿ ಎರಡನೇ ಸಾಲು ಓದ್ಲಿಲ್ವಾ? ‘ಬದಲಿಸುವುದಿದ್ದರೆ ನಾನೇ ಖುದ್ದಾಗಿ ಬಂದು ಬದಲಿಸುತ್ತೇನೆ.’ ನೂರಾ ನಲವತ್ತು ಕಂಪ್ಯೂಟರ್ ಇದೆಯಪ್ಪಾ. ವಾರವೆಲ್ಲ ರೋಗಿಗಳ ಸಾಲು. ಖಾಲಿ ಸಿಗೋದು ಭಾನುವಾರ ಮಾತ್ರ.”

ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು.

“ಅಪ್ಪಾ, ಈ ಭಾನುವಾರ ಗ್ಯಾರಂಟಿ ತಾನೇ?”

“ಈಜುಡುಗೆ ಇನ್ನೊಂದು ಸೈಜು ದೊಡ್ಡದೇ ತರ್ತೀನಿ ಮಗಳೇ,” ಎಂದಿತು ಕಾಗದ ಬರೆದ ಕತ್ತೆ.