ಮಲೀಕಸಾಬನ ಗೇರ್‌ಬಾಕ್ಸು ತಣ್ಣಗಾದದ್ದು

ಮಲೀಕಸಾಬನ ಜೀಪು ಸಿಂಧನೂರಿನಿಂದ ಹೊರಟು ಮಸ್ಕಿ ಮುಟ್ಟುವಷ್ಟರಲ್ಲಿ ಅದರ ಗೇರ್‌ಬಾಕ್ಸು ಕಾದ ಹಂಚಾಗುತ್ತಿತ್ತು. ಎಣ್ಣೆ ನೀರಾಗಿ, ಹಾಕಿದ ಗೇರು ತಾನೇ ಹಾರಿ ಬೀಳುತ್ತಿತ್ತು. ತೊಂಬತ್ತೊಂದರ ಚಳಿಗಾಲದ ಆ ಬೆಳಿಗ್ಗೆಯಂತೂ ಜೀಪು ದಾರಿಯಲ್ಲಿ ಮೂರು ಸಲ ನಿಂತಿತು.

ಮುಂದಿನ ಸೀಟಿನಲ್ಲಿ ಪಕೀರಮ್ಮ ಇದ್ದಳು. ಮಸ್ಕಿಗೆ ಸೊಪ್ಪು ಮಾರಲು ಹೋಗುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಅವಳು ಹತ್ತಿದ ಗಾಡಿಗೇ ಉಳಿದ ಎಂಟು ಮಂದಿಯೂ ಹತ್ತುತ್ತಿದ್ದರು. ಮಲೀಕಸಾಬನ ಮನೆಯ ಒಲೆ ಉರಿಯುತ್ತಿದ್ದುದೇ ಆ ಒಂಬತ್ತು ಮಂದಿಯಿಂದ.

ಪಕೀರಮ್ಮ ಎಂದಿನಂತೆ ಗೇರ್‌ಬಾಕ್ಸಿನ ಮುಚ್ಚಳದ ಮೇಲೆ ರೊಟ್ಟಿಯ ಗಂಟಿಟ್ಟು, ಅದಕ್ಕೆ ಮೊಣಕಾಲು ಒತ್ತಿಕೊಂಡು ಕೂತಿದ್ದಳು. "ಇನ್ನೊಮ್ಮೆ ಹಿಂಗ ನಿಂತ್ರ ಬಾಬುಸಾಬನ ಜೀಪಿಗೆ ಹೋಗ್ತೀವಿ ನೋಡಪ. ಅವನ ಗಾಡ್ಯಾಗ ಕುಂತ್ರ ಮೊಣಕಾಲು ಹಿಡಿತಾವಂತ ಇಷ್ಟು ದಿನ ತಾಳಿಕೊಂಡೀನಿ."

ಬಾಬುಸಾಬನ ಸೀಟು ಇಕ್ಕಟ್ಟಿರಬೇಕು ಎಂದುಕೊಂಡ ಮಲೀಕಸಾಬ, ಸಿಂಧನೂರಿಗೆ ಮರಳಿ ನೇರ ಮಿಸ್ತ್ರಿ ಖಾಜಾಸಾಬನ ಶೆಡ್ಡಿಗೆ ಹೋದ.

"ಎಣ್ಣಿ ತಣ್ಣಗ ಮಾಡೋ ಕೂಲರ್ ಕೂಡ್ರಸಬೇಕು. ಲಾರೀದು ಹಾಕ್ಲ್ಯಾ, ಟ್ರ್ಯಾಕ್ಟರಿಂದು ಹಾಕ್ಲ್ಯಾ?" ಎಂದ ಖಾಜಾಸಾಬ.

ಟ್ರ್ಯಾಕ್ಟರಿನದು ಸೋರುತ್ತಿತ್ತು. ಲಾರಿಯದು ಕಿಟಕಿಯಷ್ಟು ಅಗಲವಿತ್ತು. ಎದುರಿನ ಚಹಾದಂಗಡಿಯ ಮುದುಕಪ್ಪ ಚಹಾ ಸೋಸುವ ಬಟ್ಟೆ ಹಿಡಿದುಕೊಂಡೇ ಬಂದ.

"ದೊಡ್ಡದೇ ಹಾಕಸು. ತಂಪು ಜಾಸ್ತಿ ಆಗಿ ಯಾರರ ಕೆಟ್ಟಾರೇನು?"

ಮುಂದೆ ಹಿಡಿದರೆ ಅದು ದೀಪ ಮುಚ್ಚಿತು, ಕೆಳಗೆ ಹಿಡಿದರೆ ನೆಲಕ್ಕೆ ತಾಗಿತು. ಮುದುಕಪ್ಪ ಟಾಪಿನ ಮೇಲೆ ಕಟ್ಟಲು ಹೇಳಿ, ಒಲೆಯ ಮೇಲಿನ ಹಾಲು ಉಕ್ಕಿದ್ದು ನೆನಪಾಗಿ ಓಡಿದ.

ಮಲೀಕಸಾಬ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಬಾಬುಸಾಬನೇ ಬಂದ. ಅದೇ ಮಸ್ಕಿ ದಾರಿಯಲ್ಲಿ ದಿನವೂ ಅರ್ಧ ಖಾಲಿ ಜೀಪು ಓಡಿಸುವವನು. ಅವನ ಕೈಯಲ್ಲಿ ಪುಟ್ಟದೊಂದು ಕೂಲರ್ ಇತ್ತು.

"ತಗೋ ತಮ್ಮಾ. ಜೀಪಿಗಂತನೇ ಮಾಡಿಸಿದ್ದು. ರೊಕ್ಕದ ಮಾತು ತಗೀಬ್ಯಾಡ."

ಮಲೀಕಸಾಬನ ಕಣ್ಣು ತುಂಬಿ ಬಂದವು. "ಒಡಹುಟ್ಟಿದವರು ಇಷ್ಟು ಮಾಡಂಗಿಲ್ಲ ಭಾಯ್," ಎಂದು ಅವನ ಎರಡೂ ಕೈ ಹಿಡಿದುಕೊಂಡ. ಸಂಜೆಗೆ ಕೂಲರ್ ಕೂತಿತು. ಹೆಂಡತಿ ಸಕೀನಾಬೀ ಶೀರ್‌ಖುರ್ಮಾ ಮಾಡಿ ಡಬ್ಬಿ ತುಂಬ ಬಾಬುಸಾಬನ ಮನೆಗೆ ಕಳಿಸಿದಳು.

ಮರುದಿನ ಗೇರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿತ್ತು. ಜೀಪು ಎಲ್ಲೂ ನಿಲ್ಲಲಿಲ್ಲ. ಮಸ್ಕಿಯಲ್ಲಿ ಮಲೀಕಸಾಬ ಶಹಬ್ಬಾಸ್ ಎನ್ನಿಸಿಕೊಳ್ಳಲು ತಿರುಗಿದರೆ, ಪಕೀರಮ್ಮ ಕುಂಟುತ್ತ ಇಳಿಯುತ್ತಿದ್ದಳು.

"ಏನು ಮಾಡೀಯಪ ಗಾಡಿಗೆ? ರೊಟ್ಟಿ ಕಲ್ಲಾಗ್ಯಾವು, ಮೊಣಕಾಲು ಕಟ್ಟಿಗಿ ಆಗ್ಯಾವು. ಆ ಬಿಸಿಗಂತನೇ ನಾ ಇಲ್ಲಿ ಕುಂದ್ರತಿದ್ದೆ."

ಅಷ್ಟರಲ್ಲಿ ಹಿಂದೆಯೇ ಬಾಬುಸಾಬನ ಜೀಪು ಬಂದು ನಿಂತಿತು. ಪಕೀರಮ್ಮ ಅದರೊಳಗೆ ಕೈಚಾಚಿ ಗೇರ್‌ಬಾಕ್ಸಿನ ಮುಚ್ಚಳ ಮುಟ್ಟಿದಳು. ಮುಖ ಅರಳಿತು.

"ಇಲ್ಲಿ ಬರ್ರೆವ್ವಾ, ಹಂಚು ಕಾದಂಗ ಕಾದೈತಿ. ಸಂಜಿಗೆ ಇದ್ರಾಗ ಹೋಗೂಣು."

ಮಲೀಕಸಾಬ ಬೆಪ್ಪಾದ. "ಭಾಯ್, ನಿನ್ನ ಗಾಡಿ ಯಾವತ್ತೂ ಕಾಯ್ತಿದ್ದಿಲ್ಲಲ್ಲ?"

"ಅದರ ಕೂಲರ್ ಬಿಚ್ಚಿ ನಿನಗ ಕೊಟ್ಟೀನಲ್ಲೋ ತಮ್ಮಾ. ಗೇರು ಹೊಸಾವು, ಕಾದ್ರೂ ಹಾರೂದಿಲ್ಲ," ಎಂದ ಬಾಬುಸಾಬ. "ಶೀರ್‌ಖುರ್ಮಾ ಭಾಳ ಚಲೋ ಇತ್ತು."

ಸಂಜೆ ಬಾಬುಸಾಬನ ಮುಂದಿನ ಸೀಟಿನಿಂದ ಪಕೀರಮ್ಮ ಕೈಯೆತ್ತಿ ಹರಸಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ ಮಲೀಕಸಾಬ. ನೀ ಆ ಕೂಲರ್ ತಗೊಂಡಿದ್ದಕ್ಕ ನನ್ನ ಮೊಣಕಾಲು ಉಳದ್ವು."

ಒಂಬತ್ತು ಮಂದಿಯ ಹಾರೈಕೆ ಹೊತ್ತ ಮಲೀಕಸಾಬನ ಖಾಲಿ ಜೀಪು ಎಲ್ಲೂ ನಿಲ್ಲದೆ ಸಿಂಧನೂರು ಮುಟ್ಟಿತು.